ಸ್ಟ್ಯಾಟಿನ್: ಸ್ನಾಯು ನೋವಿಗೆ ವಂಶವಾಹಿಯ ನಂಟು

ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ ಮುಖ್ಯವಾಗಿ ಕೆಲಸ ಮಾಡುವುದು ಯಕೃತ್ತಿನಲ್ಲಿ. ಕೊಲೆಸ್ಟರಾಲ್ ತಯಾರಿಕೆಗೆ ಬೇಕಾದ ಕಿಣ್ವವನ್ನು ಅದು ಅಲ್ಲಿ ತಡೆಯುತ್ತದೆ. ರಕ್ತದಿಂದ ಔಷಧವನ್ನು ಯಕೃತ್ತಿನ ಕೋಶಗಳೊಳಗೆ ಸಾಗಿಸುವ ಪ್ರೋಟೀನನ್ನು ರೂಪಿಸುವುದು ಎಸ್‌ಎಲ್‌ಸಿಒ1ಬಿ1 ಎಂಬ ವಂಶವಾಹಿ. ಇದರ ಒಂದು ಮಾರ್ಪಾಡು ಇದ್ದವರಲ್ಲಿ ಈ ಸಾಗಣೆ ಕುಂಠಿತಗೊಂಡು, ರಕ್ತದಲ್ಲೇ ಹೆಚ್ಚಾಗಿ ಉಳಿಯುವ ಔಷಧ ಸ್ನಾಯುಗಳಿಗೆ ಹಾನಿ ಮಾಡಬಲ್ಲದು.

ದಿನಕ್ಕೆ 80 ಮಿ.ಗ್ರಾಂ. ಸಿಮ್ವಾಸ್ಟ್ಯಾಟಿನ್ ಸೇವಿಸಿದವರ ಕುರಿತು ಬ್ರಿಟನ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಂದೆ-ತಾಯಿ ಇಬ್ಬರಿಂದಲೂ ಈ ಮಾರ್ಪಾಡು ಪಡೆದವರಿಗೆ ಸ್ನಾಯುರೋಗದ ಅಪಾಯ ಸುಮಾರು 17 ಪಟ್ಟು. ಹೊಸ ರೋಗಿಗಳಿಗೆ ಈ ಪ್ರಮಾಣ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಸೂಚಿಸಿತು.

ಹಾಗೆಂದು ಎಲ್ಲ ಮೈಕೈ ನೋವಿಗೂ ವಂಶವಾಹಿಯೇ ಕಾರಣವಲ್ಲ. ನೋವು ಕಂಡರೆ ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಪ್ರಮಾಣ ಇಳಿಸಲು ಅಥವಾ ಬೇರೆ ಸ್ಟ್ಯಾಟಿನ್‌ಗೆ ಬದಲಿಸಲು ಅವಕಾಶವಿದೆ. ನೋವಿನೊಂದಿಗೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.