ವಾಸನೆ ತಿಳಿಯದವರು ಸೋಪು ಆರಿಸುವುದು ಹೇಗೆ?

ಕಬ್ಬು ಅರೆಯುವ ಕಾಲದಲ್ಲಿ ಜಮಖಂಡಿಯಿಂದ ಮುಧೋಳಕ್ಕೆ ಬಸ್ಸಿನಲ್ಲಿ ಹೋಗಿದ್ದೀರಾ? ಕಿಟಕಿ ತೆರೆದಿದ್ದರೆ ಸಾಕು, ಸಕ್ಕರೆ ಕಾರ್ಖಾನೆಯ ವಾಸನೆಯೂ ಗಾಣದ ಮನೆಯಲ್ಲಿ ಕುದಿಯುವ ಬೆಲ್ಲದ ಪರಿಮಳವೂ ಒಳಗೆ ನುಗ್ಗುತ್ತವೆ. ಪಕ್ಕದಲ್ಲಿ ಕುಳಿತವರು "ಬೆಲ್ಲ ಕುದಿಸಾಕತ್ತಾರ ನೋಡ್ರಿ" ಎನ್ನುತ್ತಾರೆ. ನೀವು ಹೌದೆಂದು ತಲೆಯಾಡಿಸುತ್ತೀರಿ. ಆದರೆ ನಿಮಗೆ ಏನೂ ತಿಳಿದಿರುವುದಿಲ್ಲ.

ವಾಸನೆ ತಿಳಿಯದ ಈ ಸ್ಥಿತಿಯನ್ನು ವೈದ್ಯರು ಅನಾಸ್ಮಿಯಾ ಎನ್ನುತ್ತಾರೆ. ಕೆಲವರಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಕೆಲವರಿಗೆ ತೀವ್ರ ನೆಗಡಿ, ಸೈನಸ್ ತೊಂದರೆ, ಮೂಗಿನೊಳಗೆ ಬೆಳೆಯುವ ದುರ್ಮಾಂಸ, ತಲೆಗೆ ಬಿದ್ದ ಪೆಟ್ಟು ಅಥವಾ ವಯಸ್ಸಿನಿಂದ ಬರುತ್ತದೆ. 2020 ಮತ್ತು 2021ರ ಕೊರೋನಾ ಕಾಲದಲ್ಲಿ ಅನೇಕರು ಇದರ ರುಚಿ ಕಂಡರು. ಹೆಚ್ಚಿನವರಿಗೆ ವಾಸನೆ ಮರಳಿ ಬಂತು, ಕೆಲವರಿಗೆ ಪೂರ್ತಿಯಾಗಿ ಬರಲಿಲ್ಲ.

ಕುರುಡುತನವನ್ನೂ ಕಿವುಡುತನವನ್ನೂ ಜನರು ಗುರುತಿಸುತ್ತಾರೆ. ಇದನ್ನು ಯಾರೂ ಗುರುತಿಸುವುದಿಲ್ಲ. ಆದರೆ ಅನುಭವಿಸುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ದಿನವೂ ಕುಟುಕುತ್ತದೆ: "ನನ್ನ ಮೈಯಿಂದ ವಾಸನೆ ಬರುತ್ತಿದೆಯೇ?" ಈ ಅಂಜಿಕೆಯಿಂದ ಕೆಲವರು ಮದುವೆ ಮನೆಗೆ ಹೋಗುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ಮೈತುಂಬ ಪರಿಮಳ ಸುರಿದುಕೊಳ್ಳುತ್ತಾರೆ. ಎರಡೂ ಬೇಕಿಲ್ಲ.

ಪರಿಮಳದ ಮೇಲೆ ಪರಿಮಳ

ನಮ್ಮ ಬಚ್ಚಲು ಮನೆಯನ್ನೊಮ್ಮೆ ನೋಡಿ. ಸೋಪಿಗೆ ಗುಲಾಬಿ ಪರಿಮಳ, ಪೌಡರಿಗೆ ಶ್ರೀಗಂಧ, ತಲೆಗೆಣ್ಣೆಗೆ ಮಲ್ಲಿಗೆ, ಬಟ್ಟೆ ತೊಳೆಯುವ ಪುಡಿಗೆ ನಿಂಬೆ. ಅದರ ಮೇಲೆ ಅತ್ತರು ಬೇರೆ. ವಾಸನೆ ತಿಳಿಯುವವರು ಮೂಗಿನಿಂದಲೇ ಅಳೆದು ಹೊಂದಿಸಿಕೊಳ್ಳುತ್ತಾರೆ. ನಿಮಗೆ ಆ ಅಳತೆಗೋಲು ಇಲ್ಲ. ಎಷ್ಟು ಹಚ್ಚಿದ್ದೀರಿ ಎಂದು ತಿಳಿಯದೆ ಮತ್ತೊಮ್ಮೆ ಹಚ್ಚುತ್ತೀರಿ. ಪಕ್ಕದಲ್ಲಿ ಕುಳಿತವರಿಗೆ ತಲೆನೋವಿದ್ದರೆ ಅಥವಾ ಉಬ್ಬಸವಿದ್ದರೆ ಅವರ ಕಷ್ಟ ನಿಮಗೆ ತಿಳಿಯುವುದೇ ಇಲ್ಲ.

ಇದಕ್ಕೆ ಸುಲಭ ದಾರಿಯೆಂದರೆ ಪರಿಮಳವಿಲ್ಲದ ವಸ್ತುಗಳನ್ನೇ ಆರಿಸುವುದು. ಆಗ ಹೆಚ್ಚು ಕಡಿಮೆಯಾಗುವ ಚಿಂತೆಯಿಲ್ಲ, ಒಂದಕ್ಕೊಂದು ತಾಗುವ ಭಯವಿಲ್ಲ. ಇನ್ನೂ ಒಂದು ಲಾಭವಿದೆ. ಪರಿಮಳವು ಬೆವರಿನ ವಾಸನೆಯನ್ನು ತೊಳೆಯುವುದಿಲ್ಲ, ಮುಚ್ಚುತ್ತದೆ ಅಷ್ಟೆ. ಮುಚ್ಚಿಟ್ಟರೆ ನಿಮಗೆ ನೆರವಾಗಬೇಕಾದ ಮನೆಯವರಿಗೂ ನಿಜ ತಿಳಿಯುವುದಿಲ್ಲ.

ಲೇಬಲ್ ಓದಿ

ಬೀಳಗಿಯಂಥ ಚಿಕ್ಕ ಊರಿನ ಕಿರಾಣಿ ಅಂಗಡಿಯಲ್ಲಿ "ವಾಸನೆ ಇಲ್ಲದ ಸೋಪು ಕೊಡ್ರಿ" ಎಂದರೆ ಅಂಗಡಿಯವರು ನಕ್ಕಾರು. ನಾಚಿಕೆ ಬೇಡ. ಔಷಧದ ಅಂಗಡಿಯಲ್ಲಿ ಸೂಕ್ಷ್ಮ ಚರ್ಮದವರಿಗೆಂದು ಬರುವ ಸೋಪನ್ನು ಕೇಳಿ, ಇಲ್ಲದಿದ್ದರೆ ತರಿಸಿಕೊಡಲು ಹೇಳಿ. ಹಜ್ ಅಥವಾ ಉಮ್ರಾಕ್ಕೆ ಹೋಗಿ ಬಂದ ಬಂಧುಗಳನ್ನೂ ವಿಚಾರಿಸಿ. ಇಹ್ರಾಮ್‌ನಲ್ಲಿರುವಾಗ ಸುಗಂಧ ಬಳಸುವಂತಿಲ್ಲ. ಆದ್ದರಿಂದ ಯಾತ್ರಿಕರ ಸಾಮಾನು ಮಾರುವ ಅಂಗಡಿಗಳಲ್ಲಿ ಪರಿಮಳರಹಿತ ಸೋಪು ಸಿಗುತ್ತದೆ.

ಆದರೆ ಹೊದಿಕೆಯ ಮೇಲಿನ ಮಾತನ್ನು ಎಚ್ಚರದಿಂದ ಓದಿ. 'ಫ್ರಾಗ್ರನ್ಸ್ ಫ್ರೀ' ಎಂದರೆ ಪರಿಮಳದ್ರವ್ಯ ಸೇರಿಸಿಲ್ಲ ಎಂದರ್ಥ. 'ಅನ್‌ಸೆಂಟೆಡ್' ಎಂದಿದ್ದರೆ ಕೆಲವೊಮ್ಮೆ ಮೂಲ ವಾಸನೆಯನ್ನು ಅಡಗಿಸಲು ಬೇರೊಂದು ದ್ರವ್ಯ ಬೆರೆಸಿರುತ್ತಾರೆ. ಆದ್ದರಿಂದ ಹಿಂಬದಿಯ ಸಣ್ಣ ಅಕ್ಷರಗಳ ಪಟ್ಟಿಯಲ್ಲಿ 'ಪರ್ಫ್ಯೂಮ್', 'ಪಾರ್ಫಮ್', 'ಫ್ರಾಗ್ರನ್ಸ್' ಎಂಬ ಪದಗಳಿವೆಯೇ ಎಂದು ಹುಡುಕಿ. 'ಲಿನಲೂಲ್', 'ಲಿಮೋನಿನ್' ಎಂದಿದ್ದರೂ ಅವು ಪರಿಮಳದವೇ. ಮಕ್ಕಳ ಸೋಪು ಅಥವಾ ಗಿಡಮೂಲಿಕೆಯ ಸೋಪು ಎಂದಾಕ್ಷಣ ಪರಿಮಳವಿಲ್ಲ ಎಂದು ತಿಳಿಯಬೇಡಿ.

ಇನ್ನೊಂದು ಮೋಸ ಪುದೀನ ಮತ್ತು ಮೆಂಥಾಲ್‌ನದು. ಇವುಗಳ ತಂಪನ್ನು ಮೂಗಿಗೆ ತಿಳಿಸುವ ನರ ಬೇರೆ. ವಾಸನೆ ತಿಳಿಯದವರಿಗೂ ಆ ತಂಪು ತಾಗುತ್ತದೆ. ತಂಪಾಯಿತೆಂದರೆ ಶುಚಿಯಾಯಿತು ಎಂದಲ್ಲ.

ಪರಿಮಳದ್ರವ್ಯಗಳಿಂದ ಕೆಲವರ ಚರ್ಮಕ್ಕೆ ತುರಿಕೆ, ಕೆಂಪುಗುಳ್ಳೆ ಬರುವುದುಂಟು. ಮೂಗಿಗೆ ತಿಳಿಯದಿದ್ದರೂ ಚರ್ಮಕ್ಕೆ ತಿಳಿಯುತ್ತದೆ. ಹೊಸ ಕ್ರೀಮು ಹಚ್ಚುವ ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ, ಎರಡು ದಿನ ಕಾದು ನೋಡಿ.

ಬೆವರಿಗೆ ಏನು ಮಾಡಬೇಕು?

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ದಿನವಿಡೀ ದುಡಿಯುವವರಿಗೆ, ಒಲೆಯ ಮುಂದೆ ನಿಲ್ಲುವ ಗೃಹಿಣಿಯರಿಗೆ ಬೆವರು ತಪ್ಪಿದ್ದಲ್ಲ. ಬೆವರಿಗೆ ಸ್ವಂತ ವಾಸನೆ ಬಹಳ ಕಡಿಮೆ. ಕಂಕುಳಿನಲ್ಲಿರುವ ಸೂಕ್ಷ್ಮಾಣುಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಆದ್ದರಿಂದ ಕಂಕುಳು, ತೊಡೆಸಂದು, ಪಾದಗಳನ್ನು ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸುವುದೇ ಮೊದಲ ಮದ್ದು. ಅಲ್ಲಿನ ಕೂದಲನ್ನು ಕಾಲಕಾಲಕ್ಕೆ ತೆಗೆಯುವ ನಮ್ಮ ರೂಢಿಯೂ ಇದಕ್ಕೆ ಸಹಾಯಕ.

ಡಿಯೋಡರೆಂಟ್ ಬೇರೆ, ಬೆವರನ್ನೇ ಕಡಿಮೆ ಮಾಡುವ ಆಂಟಿಪರ್ಸ್‌ಪಿರೆಂಟ್ ಬೇರೆ. ಎರಡನೆಯದರಲ್ಲಿ ಪರಿಮಳವಿಲ್ಲದ್ದನ್ನು ಆರಿಸಿ, ರಾತ್ರಿ ಒಣಗಿದ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಉಪಯೋಗ. ಅಗ್ಗದ ಉಪಾಯವೂ ಇದೆ. ಕ್ಷೌರದ ಅಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುವ ಪಟಿಕ ನಿಮಗೆ ಗೊತ್ತಿರಬಹುದು. ಅದಕ್ಕೆ ವಾಸನೆಯಿಲ್ಲ. ನೀರಿನಲ್ಲಿ ಅದ್ದಿ ತೊಳೆದ ಕಂಕುಳಿಗೆ ಉಜ್ಜಿಕೊಳ್ಳಬಹುದು. ಗಾಯವಿದ್ದರೆ ಮಾತ್ರ ಉರಿಯುತ್ತದೆ. ಒಣ ಚರ್ಮಕ್ಕೆ ಸಾದಾ ಪೆಟ್ರೋಲಿಯಂ ಜೆಲ್ಲಿ ಸಾಕು.

ಮೂಗಿನ ಬದಲು ಕ್ಯಾಲೆಂಡರ್

ವಾಸನೆ ತಿಳಿಯುವವರು ಬಟ್ಟೆಯನ್ನು ಮೂಸಿ ನೋಡಿ ಒಗೆಯಲು ಹಾಕುತ್ತಾರೆ. ನೀವು ಲೆಕ್ಕವಿಟ್ಟು ಹಾಕಿ. ಒಳಉಡುಪು, ಕಾಲುಚೀಲ ಒಂದು ದಿನಕ್ಕೆ. ತಲೆವಸ್ತ್ರ ಬೇಸಿಗೆಯಲ್ಲಿ ದಿನವೂ ಬದಲಾಗಲಿ. ಬುರ್ಖಾ ಕಪ್ಪಾಗಿರುವುದರಿಂದ ಕೊಳೆ ಕಾಣುವುದಿಲ್ಲ, ಆದರೆ ಪಾಲಿಯೆಸ್ಟರ್ ಬಟ್ಟೆ ಬೆವರಿನ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ಬುರ್ಖಾ ಇದ್ದರೆ ಸರದಿಯಲ್ಲಿ ತೊಡಿ, ಒಗೆಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ. ಮಳೆಗಾಲದಲ್ಲಿ ಅರ್ಧ ಒಣಗಿದ ಬಟ್ಟೆಯನ್ನು ಮಡಚಿಡಬೇಡಿ. ಹಲ್ಲನ್ನು ಬೆಳಿಗ್ಗೆ, ರಾತ್ರಿ ಉಜ್ಜಿ, ನಾಲಿಗೆಯನ್ನೂ ಕೆರೆದು ತೊಳೆಯಿರಿ. ತಲೆಗೆಣ್ಣೆ ಕಮಟಾದರೂ ನಿಮಗೆ ತಿಳಿಯದು. ಸಣ್ಣ ಬಾಟಲಿ ತಂದು, ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಿ.

ನಂಬಿಕೆಯ ಒಂದು ಮೂಗು

ಈ ತೊಂದರೆಯನ್ನು ಮನೆಯವರಿಂದ ಮುಚ್ಚಿಡಬೇಡಿ. ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುವುದೇ ಸೋರಿದಾಗ ಮೂಗಿಗೆ ತಿಳಿಯಲಿ ಎಂದು. ನಿಮಗೆ ಅದು ತಿಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿರಲೇಬೇಕು. ಅಮ್ಮ, ಅಕ್ಕ, ಪತಿ, ಪತ್ನಿ ಇವರಲ್ಲಿ ಒಬ್ಬರನ್ನು ಆರಿಸಿ, "ಏನಾದರೂ ವಾಸನೆ ಬಂದರೆ ನನಗೆ ಮಾತ್ರ ಹೇಳಿ" ಎಂದು ಕೇಳಿಕೊಳ್ಳಿ. ಅವರು ಎಲ್ಲ ಸರಿಯಿದೆ ಎಂದರೆ ನಂಬಿ, ಮತ್ತೆ ಮತ್ತೆ ಸ್ನಾನಕ್ಕೆ ಓಡಬೇಡಿ.

ಮನೆಯವರಿಗೂ ಒಂದು ಮಾತು. ಹೇಳಬೇಕಾದ್ದನ್ನು ಮರೆಯಲ್ಲಿ, ಮೆಲ್ಲಗೆ ಹೇಳಿ. ಅತಿಥಿಗಳ ಮುಂದೆ ಮೂಗು ಮುಚ್ಚಿ ನಗುವುದು ಅವರನ್ನು ಎಷ್ಟು ನೋಯಿಸುತ್ತದೆ ಎಂದು ಯೋಚಿಸಿ.

ಶುಕ್ರವಾರ ಅಥವಾ ಹಬ್ಬದ ದಿನ ಅತ್ತರು ಬೇಕೆನ್ನುವ ಪುರುಷರು ಬಿಟ್ಟುಬಿಡಬೇಕಿಲ್ಲ. ಮನೆಯವರು ಆರಿಸಿದ ಒಂದೇ ಅತ್ತರು, ಒಂದೇ ಸಲ, ಒಂದೇ ಹನಿ. ತಿಳಿಯಲಿಲ್ಲವೆಂದು ಎರಡನೆಯ ಹನಿ ಹಾಕದಿದ್ದರೆ ಸಾಕು.

ವಾಸನೆ ಹೋಗಿ ಬಹಳ ದಿನವಾಗಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಸೋಂಕಿನಿಂದ ಹೋದ ವಾಸನೆಗೆ ಒಂದು ಅಭ್ಯಾಸವಿದೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕನ್ನು ದಿನಕ್ಕೆರಡು ಸಲ ಮನಸ್ಸಿಟ್ಟು ಮೂಸುವುದು. ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು 2009ರಲ್ಲಿ ಇದನ್ನು ಪ್ರಕಟಿಸಿದರು. ಕನಿಷ್ಠ 12 ವಾರ ತಾಳ್ಮೆ ಬೇಕು. ಎಲ್ಲರಿಗೂ ಫಲ ಸಿಗದು, ಆದರೆ ಖರ್ಚು ಕಡಿಮೆ.

ಫಲ ಸಿಗದಿದ್ದರೂ ಕುಗ್ಗಬೇಡಿ. ಶುಚಿಯಾಗಿರಲು ನೀರು, ಸೋಪು ಮತ್ತು ಕ್ರಮ ಸಾಕು, ಮೂಗು ಬೇಕೆಂದಿಲ್ಲ. ಲೆಕ್ಕ ಸರಿಯಿದ್ದರೆ, ಮನೆಯವರು ಸರಿಯಿದೆ ಎಂದಿದ್ದರೆ, ಮುಂದಿನ ಮದುವೆಗೆ ಧೈರ್ಯವಾಗಿ ಹೋಗಿ ಎಲ್ಲರ ನಡುವೆ ಕುಳಿತುಕೊಳ್ಳಿ.