ಎತ್ತಿನ ಕೊರಳಿಗೆ ಹಾರ, ಪಳಗಿಸಿದವನಿಗೆ?

ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಸಿಗುವ ರೇಸ್ ಪುಸ್ತಕದಲ್ಲಿ ಪ್ರತಿ ಕುದುರೆಯ ಜೊತೆಗೆ ಮಾಲೀಕ, ಜಾಕಿ, ತರಬೇತುದಾರ ಮೂವರ ಹೆಸರೂ ಅಚ್ಚಾಗಿರುತ್ತವೆ. 1973ರಲ್ಲಿ ಹುಟ್ಟಿದ ಸ್ಕ್ವಾಂಡರರ್ ಎಂಬ ಕುದುರೆ 19 ಸಲ ಓಡಿ 18 ಸಲ ಗೆದ್ದಿತು. ರೇಸಿನ ಹುಚ್ಚಿದ್ದವರ ಬಾಯಲ್ಲಿ ಅದರ ಹೆಸರು ಎಷ್ಟು ಓಡಾಡಿತೋ ಅದನ್ನು ತಯಾರು ಮಾಡಿದ ರಶೀದ್ ಬೈರಾಮ್‌ಜಿ ಹೆಸರೂ ಅಷ್ಟೇ ಓಡಾಡಿತು.

ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬನ್ನಿ. ಜಾತ್ರೆಯ ಎತ್ತಿನ ಓಟದ ಶರ್ಯತ್ತಿಗೆ ಅಚ್ಚು ಹಾಕಿಸಿದ ಹ್ಯಾಂಡ್‌ಬಿಲ್ಲಿನಲ್ಲಿ ಸಾನ್ನಿಧ್ಯ ವಹಿಸುವ ಸ್ವಾಮೀಜಿಗಳಿದ್ದಾರೆ, ಬಹುಮಾನ ಕೊಡುವ ಧಣಿಗಳಿದ್ದಾರೆ, ಎಲೆಕ್ಷನ್ ಹತ್ತಿರವಿದ್ದರೆ ಇನ್ನೂ ನಾಲ್ಕು ಫೋಟೊ ಹೆಚ್ಚು. ಎತ್ತು ತಯಾರು ಮಾಡಿದವನು ಮಾತ್ರ ಎಲ್ಲೂ ಇಲ್ಲ. ಗೆದ್ದ ಜೋಡಿಯನ್ನು ಮೈಕಿನಲ್ಲಿ ಕೂಗುವಾಗಲೂ ಊರಿನ ಹೆಸರು, ಮಾಲೀಕನ ಹೆಸರು, ಅಲ್ಲಿಗೆ ಮುಗಿಯಿತು.

ಇಲ್ಲಿಯ ಓಟಕ್ಕೆ ಹಲವು ರೂಪ. ಖಾಲಿ ಗಾಡಾ ಸ್ಪರ್ಧೆಯಲ್ಲಿ ಬರಿದಾದ ಚಕ್ಕಡಿ ಕಟ್ಟಿ ಒಂದು ನಿಮಿಷ ಓಡಿಸಿ, ಎಷ್ಟು ಅಡಿ ಹೋಯಿತೆಂದು ಅಳೆಯುತ್ತಾರೆ. ತೆರಬಂಡಿಯಲ್ಲಿ ಚಕ್ರ ಉರುಳದಂತೆ ಬಿಗಿದ ಬಂಡಿಯನ್ನು ಎಳೆಸುತ್ತಾರೆ. ಕಾರ ಹುಣ್ಣಿಮೆಯ ಸಂಜೆ ಕರಿ ಹರಿಯುವ ಓಟ ಬೇರೆಯೇ. ಬಿಳಿ ಎತ್ತು ಮುಂದೆ ಬಂದರೆ ಬಿಳಿ ಬೆಳೆ, ಕೆಂದೆತ್ತು ಬಂದರೆ ಕೆಂಪು ಬೆಳೆ ಎಂದು ಊರಿಗೂರೇ ಕಾದು ನಿಂತಿರುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ಅದರ ಮುಂದೆ ಯಾವ ಲೆಕ್ಕ?

ಮೈದಾನದಲ್ಲಿ ನಾವು ನೋಡುವುದು ಒಂದು ನಿಮಿಷ. ಪಳಗಿಸುವವನ ಕೆಲಸ ಹೋರಿ ಕೊಳ್ಳುವ ದಿನವೇ ಶುರುವಾಗಿರುತ್ತದೆ. ಓಟಕ್ಕೆ ಕಿಲಾರಿ ತಳಿಯೇ ಬೇಕು: ಸಪೂರ ಮೈ, ಬಿಗಿಯಾದ ಕಾಲು, ಗಟ್ಟಿ ಗೊರಸು, ಹಿಂದಕ್ಕೆ ಬಾಗಿ ಮೇಲೇರಿದ ಉದ್ದನೆಯ ಕೊಂಬು. ಸುಳಿ ನೋಡುವವರು ಸುಳಿ ನೋಡುತ್ತಾರೆ. ಕಸುಬು ಬಲ್ಲವನು ಹೋರಿಯನ್ನು ನಾಲ್ಕು ಹೆಜ್ಜೆ ನಡೆಸಿ ಹಿಂಗಾಲು ಎಲ್ಲಿ ಬೀಳುತ್ತದೆಂದು ನೋಡುತ್ತಾನೆ. ಆಮೇಲಿನದು ಜೋಡಿ ಕೂಡಿಸುವ ಕಷ್ಟ. ಎರಡೂ ಜೋರಿದ್ದರೆ ಸಾಲದು, ಎರಡರ ಜೋರೂ ಒಂದೇ ಸಮ ಇರಬೇಕು. ಒಂದು ಮುಂದಾದರೆ ಚಕ್ಕಡಿ ಓರೆಯಾಗಿ ಜನರ ಮೇಲೆ ನುಗ್ಗುತ್ತದೆ. ವರ್ಷಗಟ್ಟಲೆ ಸಾಕಿದ ಎತ್ತನ್ನು ಜೋಡಿ ಹೊಂದಲಿಲ್ಲವೆಂದು ಮಾರಿದವರಿದ್ದಾರೆ.

ಗ್ವಾದಲಿಗೆ ಬೀಳುವ ಮೇವಿನಲ್ಲೂ ಲೆಕ್ಕವಿದೆ. ಜೋಳದ ಕಣಿಕಿ, ನೆನೆಸಿದ ಹತ್ತಿಕಾಳು, ಬೇಯಿಸಿದ ಹುರುಳಿ, ಹಿಂಡಿ. ಶರ್ಯತ್ತು ಹತ್ತಿರ ಬಂದಂತೆ ಹಾಲು, ಮೊಟ್ಟೆ. ಇದಿಷ್ಟು ದುಡ್ಡಿದ್ದ ಯಾರಾದರೂ ತಿನ್ನಿಸಬಲ್ಲರು. ಬೆಳಿಗ್ಗೆ ಸೆಗಣಿ ನೋಡಿ ಇವತ್ತು ಹುರುಳಿ ಕಡಿಮೆ ಮಾಡಬೇಕೆಂದು ಹೇಳುವವನು ಬೇರೆ. ಕತ್ತಲಿರುವಾಗಲೇ ನಡೆಸುವುದು, ಎರೆ ಹೊಲದಲ್ಲಿ ಒಂದಿಷ್ಟು ಕುಂಟೆ ಹೊಡೆಸಿ ದಮ್ಮು ಕಟ್ಟಿಸುವುದು, ಸವದತ್ತಿ, ರಾಮದುರ್ಗದ ಹೊಳೆದಂಡೆಯ ಊರುಗಳಲ್ಲಾದರೆ ಮಲಪ್ರಭೆಯಲ್ಲಿ ಈಜಿಸುವುದು. ಈಜಿದರೆ ಉಸಿರು ಬೆಳೆಯುತ್ತದೆ, ಕೀಲಿಗೆ ಪೆಟ್ಟಿಲ್ಲ. ಓಟಕ್ಕೆ ಕೆಲವು ದಿನ ಮೊದಲು ದುಡಿತ ಪೂರ್ತಿ ಬಂದ್. ಮಾಲೀಕನಿಗೆ ಆಗಲೇ ಅವಸರ, ಮಂದಿಯ ಮುಂದೆ ಒಮ್ಮೆ ಓಡಿಸಿ ತೋರಿಸುವ ಆಸೆ. ಬೇಡವೆಂದು ಧಣಿಗೆ ಎದುರು ಹೇಳುವ ಧೈರ್ಯ ಇದ್ದವನೇ ನನ್ನ ದೃಷ್ಟಿಯಲ್ಲಿ ನಿಜವಾದ ತರಬೇತುದಾರ.

ಲಾಳ ಕಟ್ಟಿಸುವ ದಿನ ಅವನು ಅಲ್ಲೇ ನಿಂತಿರುತ್ತಾನೆ. ಹಗ್ಗ ಸುತ್ತಿ ಎತ್ತನ್ನು ಮೆಲ್ಲಗೆ ನೆಲಕ್ಕೆ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟುತ್ತಾರೆ. ಒಬ್ಬ ಕೊಂಬು ಒತ್ತಿ ಹಿಡಿಯುತ್ತಾನೆ. ನಾಲಬಂದ ಗೊರಸು ಹೆರೆದು, ತೆಳ್ಳನೆಯ ಲಾಳವಿಟ್ಟು ಮೊಳೆ ಹೊಡೆಯುತ್ತಾನೆ. ಮೊಳೆ ಕೂದಲೆಳೆಯಷ್ಟು ಒಳಗೆ ಸರಿದರೂ ಆ ಹಂಗಾಮೇ ಹೋಯಿತು. ಕುದುರೆಗಾದರೆ ಕಾಲಿಗೊಂದು ಲಾಳ. ಎತ್ತಿನದು ಸೀಳುಗೊರಸು, ಕಾಲಿಗೆ ಎರಡು ಬೇಕು.

ಈ ಸೀಳುಗೊರಸು ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. 2014ರ ಮೇ 7ರಂದು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟವನ್ನು ನಿಷೇಧಿಸಿದ ತೀರ್ಪು, ಹೋರಿಯ ಮೈಕಟ್ಟು ಭಾರ ಎಳೆಯಲು ಇರುವುದೇ ಹೊರತು ಕುದುರೆಯಂತೆ ಓಡಲು ಅಲ್ಲ ಎಂದಿತು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಗೆ ಇದನ್ನೂ ಎತ್ತಿ ಹಿಡಿಯಿತು. ಎತ್ತಿಗೆ ಹಿಂಸೆ ಕೂಡದು ಎಂಬ ಕಟ್ಟು ಅದರೊಳಗೇ ಇದೆ.

ಕೋರ್ಟು ಹೇಳಿದ ಹಿಂಸೆ ಸುಳ್ಳಲ್ಲ. ಬಾಲ ಕಡಿಯುವವರನ್ನು, ಬಾರಕೋಲಿನ ತುದಿಗೆ ಮೊಳೆ ಸಿಗಿಸುವವರನ್ನು ಈ ಭಾಗದ ಜನ ನೋಡದೇ ಇಲ್ಲ. ಆದರೆ ಮೊಳೆ ಹಿಡಿಯುವವನು ಸಾಮಾನ್ಯವಾಗಿ ವರ್ಷವಿಡೀ ಎತ್ತು ಮೇಯಿಸಿದವನಲ್ಲ. ಶರ್ಯತ್ತಿಗೆಂದು ಕೊಂಡು, ಪಂದ್ಯದ ದಿನ ಮಾತ್ರ ಹಗ್ಗ ಹಿಡಿದವನು. ತಯಾರಾದ ಜೋಡಿ ದನಿಗೇ ಓಡುತ್ತದೆ. ಹಿಂದೆ ನಿಂತವನು ನಾಲಿಗೆ ಲೊಚಗುಟ್ಟಿದರೆ ಕಿವಿ ನಿಮಿರಿಸಿ ನೊಗಕ್ಕೆ ಹೆಗಲು ಕೊಡುತ್ತದೆ. ಹಿಂಸೆ ಕೂಡದೆಂದ ಕಾನೂನಿನಿಂದ ಇಂಥವನಿಗೆ ನಷ್ಟವೇನೂ ಇಲ್ಲ, ಲಾಭವೇ.

ಟ್ರ್ಯಾಕ್ಟರು ಬಂದು ಕುಂಟೆ, ರೆಂಟೆ ಅಟ್ಟ ಸೇರಿದ ಮೇಲೆ ಎತ್ತು ಕಟ್ಟುವ ಮನೆಗಳು ಕಡಿಮೆಯಾದವು. ಚಕ್ಕಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಇನ್ನೂ ಇದ್ದಾರೆ, ಆದರೆ ಹೊಲದ ಎತ್ತು ಬೇರೆ, ಓಟದ ಎತ್ತು ಬೇರೆಯಾಗಿದೆ. ಓಟದ ಜೋಡಿಗೆ ಲಕ್ಷಗಟ್ಟಲೆ ಬೆಲೆ. ಅದನ್ನು ನೋಡಿಕೊಳ್ಳುವವನು ಹಲವು ಕಡೆ ಸಂಬಳದಾಳು. ಬಹುಮಾನಕ್ಕೆ ಬಂದ ಬೈಕು ಧಣಿಯ ಅಂಗಳದಲ್ಲಿ ನಿಲ್ಲುತ್ತದೆ, ಆಳಿಗೆ ಒಂದು ಜೊತೆ ಬಟ್ಟೆ, ಕೈಗೆ ಒಂದಿಷ್ಟು ದುಡ್ಡು. ಹೀಗಿರುವಾಗ ಅವನ ಮಗ ಈ ಕಸುಬಿಗೆ ಏಕೆ ಬರಬೇಕು? ಶರ್ಯತ್ತಿನ ಕಮಿಟಿಗಳು ಬಹುಮಾನದ ಮೊತ್ತದಲ್ಲಿ ಅವನಿಗೊಂದು ಪಾಲು ಗೊತ್ತುಮಾಡಿ ಹ್ಯಾಂಡ್‌ಬಿಲ್ಲಿನಲ್ಲೇ ಅಚ್ಚು ಹಾಕಿಸಬಹುದು. ಧಣಿಗಳ ಫೋಟೊ ಒಂದೆರಡು ಕಡಿಮೆಯಾದರೆ ಜಾಗಕ್ಕೇನೂ ಬರವಿಲ್ಲ.