ತುಟಿಯ ಅಂದ ತಿದ್ದಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಇಳಿದು ನಾನಾ ಚೌಕ್ ಕಡೆಗೆ ನಡೆಯುವ ನಮ್ಮವರಿಗೆ ಆ ದಾರಿಯ ಬ್ಯೂಟಿ ಪಾರ್ಲರುಗಳು ಹೊಸತಲ್ಲ. ಹಿಂದೆಲ್ಲ ಹುಬ್ಬು ತಿದ್ದುವುದು, ಫೇಶಿಯಲ್, ಮದುಮಗಳ ಮೇಕಪ್, ಮೆಹಂದಿ ಇಷ್ಟಕ್ಕೇ ಇಂತಹ ಅಂಗಡಿಗಳ ವ್ಯವಹಾರ ಮುಗಿಯುತ್ತಿತ್ತು. ಈಗ ಸೂಜಿಯೂ ಬಂದಿದೆ. ತೆಳು ತುಟಿ ದಪ್ಪ ಮಾಡುವುದು, ಕಪ್ಪು ತುಟಿ ಕೆಂಪು ಮಾಡುವುದು, ಬಾಯಿಯ ಅಂಚಿಗೆ ಗೆರೆ ಕೊಡುವುದು ಎಲ್ಲವೂ 'ಒಂದೇ ಗಂಟೆಯ ಕೆಲಸ' ಎಂಬ ಮಾತು ಮದುವೆ ಸೀಸನ್ನಿನಲ್ಲಿ ಕಿವಿಗೆ ಬೀಳುತ್ತಿರುತ್ತದೆ.

ಈ ವಿಷಯ ನಮ್ಮ ಮನೆಯ ಹೊಸ್ತಿಲಿಗೂ ಬಂತು. ಊರಿನಿಂದ ತಂಗಿಯ ಫೋನ್. "ಅಣ್ಣ, ಹುಡುಗಿಯ ನಿಶ್ಚಿತಾರ್ಥಕ್ಕೆ ಇನ್ನು ಮೂರೇ ವಾರ. ಅವಳು ತುಟಿಗೆ ಏನೋ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾಳಂತೆ. ಒಮ್ಮೆ ಜೊತೆಗೆ ಹೋಗಿ ನೋಡು" ಎಂದಳು. ಸೊಸೆ ಅಂಧೇರಿಯಲ್ಲಿ ಕೆಲಸದಲ್ಲಿದ್ದಾಳೆ, ಸ್ವಂತ ಸಂಪಾದನೆಯವಳು. ಬೇಡವೆನ್ನಲು ನನಗೆ ಅಧಿಕಾರವಿಲ್ಲ. ಆದರೂ ಮಾವನಾಗಿ ಜೊತೆಗೆ ಹೋದೆ.

ಪಾರ್ಲರಿನಲ್ಲಿ ತಣ್ಣನೆಯ ಏಸಿ, ನಯವಾದ ಮಾತು. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಕಾಗದಪತ್ರ ಕೇಳುವುದು ಅಭ್ಯಾಸವಾಗಿ ಹೋಗಿದೆ. ಔಷಧಿಯ ಹೆಸರೇನು, ಪೆಟ್ಟಿಗೆ ತೋರಿಸುವಿರಾ, ಚುಚ್ಚುವ ಡಾಕ್ಟರು ಯಾರು, ಬಿಲ್ಲು ಕೊಡುವಿರಾ ಎಂದು ಕೇಳಿದೆ. "ಡಾಕ್ಟರ್ ಸಂಜೆ ಬರುತ್ತಾರೆ, ಬಿಲ್ಲು ಬೇಡದಿದ್ದರೆ ಡಿಸ್ಕೌಂಟು ಇದೆ" ಎಂಬ ಉತ್ತರ ಬಂತು. ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. "ಬೇಡ ಮಾವ, ಹೋಗುವ" ಎಂದು ಅವಳೇ ಎದ್ದಳು. ಆ ಬಳಿಕ ಒಬ್ಬ ಪ್ಲಾಸ್ಟಿಕ್ ಸರ್ಜನರನ್ನು ಕಂಡು ತಿಳಿದುಕೊಂಡದ್ದನ್ನು, ಓದಿ ಖಚಿತಪಡಿಸಿಕೊಂಡದ್ದನ್ನು ಸಂಘದ ಬಂಧುಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಯಾವ ಯಾವ ವಿಧಾನ?

ಇಂದು ಹೆಚ್ಚು ಬಳಕೆಯಲ್ಲಿರುವುದು ಫಿಲ್ಲರ್. ಹಯಲುರಾನಿಕ್ ಆಸಿಡ್ ಎಂಬುದು ನಮ್ಮ ಶರೀರದಲ್ಲಿಯೂ ಇರುವ ವಸ್ತು. ಅದರ ಜೆಲ್ಲನ್ನು ಸಣ್ಣ ಸೂಜಿಯಿಂದ ತುಟಿಗೆ ತುಂಬುತ್ತಾರೆ. ಸಾಮಾನ್ಯವಾಗಿ 6 ತಿಂಗಳಿಂದ 1 ವರ್ಷದವರೆಗೆ ಉಳಿದು ನಿಧಾನವಾಗಿ ಕರಗುತ್ತದೆ. ಅಂದರೆ ಅದೇ ಆಕಾರ ಬೇಕೆಂದರೆ ಮತ್ತೆ ಮತ್ತೆ ಖರ್ಚು. ಇದರ ದೊಡ್ಡ ಅನುಕೂಲವೆಂದರೆ, ಕೆಟ್ಟರೆ ಹಯಲುರಾನಿಡೇಸ್ ಎಂಬ ಔಷಧಿ ಚುಚ್ಚಿ ಕರಗಿಸಬಹುದು. ದ್ರವ ಸಿಲಿಕೋನಿನಂತಹ ಶಾಶ್ವತ ವಸ್ತುಗಳಿಗೆ ಈ ಅನುಕೂಲವಿಲ್ಲ. ಅವು ವರ್ಷಗಳ ಬಳಿಕವೂ ಗಂಟು ಕಟ್ಟಿಕೊಂಡು ಪೀಡಿಸಬಹುದು. 'ಒಮ್ಮೆ ಹಾಕಿದರೆ ಜೀವಮಾನವಿಡೀ' ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಬೊಟಾಕ್ಸ್ ಚುಚ್ಚಿ ಮೇಲ್ತುಟಿಯ ಸ್ನಾಯುವನ್ನು ಸಡಿಲಿಸಿ ತುಟಿ ತುಸು ಹೊರಳಿದಂತೆ ಕಾಣಿಸುವ ಕ್ರಮವೂ ಇದೆ. ಇದರ ಪರಿಣಾಮ ಎರಡು ಮೂರು ತಿಂಗಳು ಮಾತ್ರ. ಹೊಟ್ಟೆ ಅಥವಾ ತೊಡೆಯ ಕೊಬ್ಬನ್ನು ತೆಗೆದು ತುಟಿಗೆ ತುಂಬುವ ವಿಧಾನದಲ್ಲಿ ತುಂಬಿದ ಕೊಬ್ಬಿನ ಒಂದು ಪಾಲು ಕರಗಿ ಹೋಗುತ್ತದೆ. ಎಷ್ಟು ಉಳಿದೀತು ಎಂದು ಮೊದಲೇ ಹೇಳಲಾಗದು.

ದಪ್ಪ ತುಟಿಯನ್ನು ಸಣ್ಣದು ಮಾಡುವುದು ಶಸ್ತ್ರಚಿಕಿತ್ಸೆ. ಬಾಯಿಯ ಒಳಭಾಗದಿಂದ ಒಂದು ಪಟ್ಟಿಯನ್ನು ಕತ್ತರಿಸಿ ಹೊಲಿಗೆ ಹಾಕುವುದರಿಂದ ಗಾಯದ ಗುರುತು ಹೊರಗೆ ಕಾಣದು. ಊತ ಇಳಿಯಲು ಒಂದೆರಡು ವಾರ, ನಿಜವಾದ ಆಕಾರ ಗೊತ್ತಾಗಲು ತಿಂಗಳುಗಳೇ ಬೇಕು. ಮೂಗಿನ ಕೆಳಗಿನ ಚರ್ಮ ಕತ್ತರಿಸಿ ಮೇಲ್ತುಟಿ ಎತ್ತುವ ಶಸ್ತ್ರಚಿಕಿತ್ಸೆಯಲ್ಲಿ ಮೂಗಿನ ಬುಡದಲ್ಲಿ ಗೆರೆ ಉಳಿಯುತ್ತದೆ. ಕೆಲವರಿಗೆ ಗಾಯ ಮಾಗಿದ ಜಾಗದಲ್ಲಿ ಚರ್ಮ ಉಬ್ಬಿ ಬೆಳೆಯುತ್ತದೆ, ಇದಕ್ಕೆ ಕೀಲಾಯ್ಡ್ ಎನ್ನುತ್ತಾರೆ. ನಮ್ಮಂತಹ ಕಂದು ಬಣ್ಣದವರಲ್ಲಿ ಇದು ಹೆಚ್ಚು. ಕಿವಿ ಚುಚ್ಚಿಸಿದಲ್ಲಿ ಹಾಗೆ ಉಬ್ಬಿದ್ದರೆ ಡಾಕ್ಟರರಿಗೆ ಮೊದಲೇ ಹೇಳಬೇಕು.

ಕಪ್ಪು ತುಟಿಗೆ ಲೇಸರ್ ಮಾಡಿಸುವ ಮೊದಲು ಕಾರಣ ಹುಡುಕಬೇಕು. ಬೀಡಿ ಸಿಗರೇಟು, ಬಿಸಿಲು, ತುಟಿ ನೆಕ್ಕುವ ಅಭ್ಯಾಸ, ಒಗ್ಗದ ಲಿಪ್‌ಸ್ಟಿಕ್ ಇವೆಲ್ಲ ತುಟಿಯನ್ನು ಕಪ್ಪಾಗಿಸುತ್ತವೆ. ಕಾರಣ ಬಿಡದೆ ಲೇಸರ್ ಮಾಡಿಸಿದರೆ ಬಣ್ಣ ಮರಳಿ ಬರುತ್ತದೆ. ಇಲ್ಲಿ ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ 2012ರಲ್ಲೇ ಗುಟ್ಕಾ ನಿಷೇಧವಾದರೂ ತಂಬಾಕು ಜಗಿಯುವುದು ನಿಂತಿಲ್ಲ. ತುಟಿಯಲ್ಲಿ ಅಥವಾ ಬಾಯಿಯೊಳಗೆ ಬಿಳಿ ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದ್ದರೆ ಅದು ಅಂದದ ಪ್ರಶ್ನೆಯೇ ಅಲ್ಲ. ಪಾರ್ಲರಿಗಲ್ಲ, ಆಸ್ಪತ್ರೆಗೆ ಹೋಗಬೇಕು.

ಅಪಾಯ ಎಲ್ಲಿದೆ?

ಊತ, ನೋವು, ನೀಲಿ ಕಲೆ ಇವು ಮಾಮೂಲಿ, ಕೆಲವು ದಿನಗಳಲ್ಲಿ ಇಳಿಯುತ್ತವೆ. ಹೆದರಬೇಕಾದದ್ದು ಬೇರೆಯೇ ಇದೆ. ತುಟಿಯಲ್ಲಿ ರಕ್ತನಾಳಗಳು ದಟ್ಟವಾಗಿವೆ. ಜೆಲ್ ಅಪ್ಪಿತಪ್ಪಿ ನಾಳದೊಳಗೆ ಹೋದರೆ ರಕ್ತ ಸಂಚಾರ ನಿಂತು ಆ ಭಾಗದ ಚರ್ಮವೇ ಸಾಯಬಹುದು. ಬಹಳ ಅಪರೂಪವಾಗಿ ಕಣ್ಣಿನ ದೃಷ್ಟಿ ಹೋದದ್ದೂ ಇದೆ. ಚುಚ್ಚಿದ ಬಳಿಕ ತಡೆಯಲಾಗದ ನೋವು, ಚರ್ಮ ಬಿಳಿಚಿಕೊಳ್ಳುವುದು ಅಥವಾ ಬಲೆಯಂತೆ ನೀಲಿಗಟ್ಟುವುದು ಕಂಡರೆ 'ನಾಳೆ ನೋಡುವ' ಎನ್ನಬಾರದು, ಆ ಗಳಿಗೆಯಲ್ಲೇ ಡಾಕ್ಟರರ ಬಳಿ ಓಡಬೇಕು. ಕರಗಿಸುವ ಔಷಧಿ ತಮ್ಮ ಬಳಿ ದಾಸ್ತಾನು ಇದೆಯೇ ಎಂಬುದೇ ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಂದು ಆ ಸರ್ಜನರು ಹೇಳಿದರು. 'ಇಲ್ಲ' ಎಂದಾದರೆ ಚುಚ್ಚಿಸಿಕೊಳ್ಳಬಾರದು.

ಅಂದದ ಚಿಕಿತ್ಸೆಯನ್ನು ಸಣ್ಣದೆಂದು ಎಣಿಸಬಾರದು ಎಂಬುದಕ್ಕೆ ನಮ್ಮ ಕನ್ನಡ ನಾಡಿನಲ್ಲೇ ನೋವಿನ ಉದಾಹರಣೆಯಿದೆ. 2022ರ ಮೇ ತಿಂಗಳಲ್ಲಿ ಕನ್ನಡ ಕಿರುತೆರೆ ನಟಿ, 21 ವರ್ಷದ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಮನೆಯವರಿಗೆ ಮೊದಲೇ ತಿಳಿಸದೆ ಅವರು ಆಸ್ಪತ್ರೆ ಸೇರಿದ್ದರೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅದು ತುಟಿಯ ಚಿಕಿತ್ಸೆಯಲ್ಲ, ನಿಜ. ಆದರೆ ಮನೆಯಲ್ಲಿ ಗದರಿಸುತ್ತಾರೆಂಬ ಹೆದರಿಕೆಯಿಂದ ಮಕ್ಕಳು ಒಬ್ಬರೇ ಹೋಗುವಂತಾಗಬಾರದು ಎಂಬ ಪಾಠ ಅದರಲ್ಲಿದೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಸೌಂದರ್ಯ ಚಿಕಿತ್ಸೆ ಮತ್ತು ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರಗಳಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿದ್ದು ಇಂತಹ ಚಿಕಿತ್ಸೆ ಆರಂಭಿಸಲು ಸಾಕಾಗುವ ತರಬೇತಿಯಲ್ಲ ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಲಾಗಿದೆ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಚರ್ಮರೋಗದಲ್ಲಿ ಎಂ.ಡಿ. ಮಾಡಿದವರೇ ಎಂದು ನೋಡಿಕೊಳ್ಳಬೇಕು. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಕಾಸಿನ ಲೆಕ್ಕ

ಇದು ನನ್ನ ಕಸುಬಿಗೆ ಹತ್ತಿರದ ಮಾತು. ಆರೋಗ್ಯ ವಿಮೆ ಇದೆ, ಅದರಲ್ಲಿ ಆಗುತ್ತದೆ ಎಂದು ಹಲವರು ಎಣಿಸುತ್ತಾರೆ. ಅಂದಕ್ಕಾಗಿ ಮಾತ್ರ ಮಾಡಿಸುವ ಚಿಕಿತ್ಸೆಯನ್ನು ಸಾಮಾನ್ಯವಾಗಿ ಪಾಲಿಸಿಗಳು ಹೊರಗಿಡುತ್ತವೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ಬಳಿಕ ರೂಪ ಸರಿಪಡಿಸುವುದಾದರೆ ವಿಷಯ ಬೇರೆ. ಜಿಎಸ್‌ಟಿಯಲ್ಲಿಯೂ ಇದೇ ವ್ಯತ್ಯಾಸವಿದೆ. ವೈದ್ಯಕೀಯ ಸೇವೆಗಿರುವ ವಿನಾಯಿತಿ ಸೌಂದರ್ಯದ ಶಸ್ತ್ರಚಿಕಿತ್ಸೆಗಿಲ್ಲ. ಹುಟ್ಟಿನ ದೋಷ ಅಥವಾ ಗಾಯವನ್ನು ಸರಿಪಡಿಸುವುದಕ್ಕಿದೆ.

ಕಂತಿನಲ್ಲಿ ಕಟ್ಟಬಹುದು ಎಂಬ ಆಮಿಷವೂ ಬರುತ್ತದೆ. 8 ತಿಂಗಳಲ್ಲಿ ಕರಗುವ ವಸ್ತುವಿಗೆ 12 ತಿಂಗಳ ಕಂತು ಕಟ್ಟುವುದೆಂದರೆ, ತುಟಿ ಮೊದಲಿನಂತಾದ ಬಳಿಕವೂ ಸಾಲ ಉಳಿದಿರುತ್ತದೆ. ಇನ್ನು ಬಿಲ್ಲಿನ ಮಾತು. ಹಣ ಪಡೆದು ನೀಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ನೀಡಿದೆ. ಆದರೆ ಬಿಲ್ಲು, ಪೆಟ್ಟಿಗೆಯ ಬ್ಯಾಚ್ ನಂಬರಿನ ಸ್ಟಿಕ್ಕರು, ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ ಕೈಯಲ್ಲಿಲ್ಲದಿದ್ದರೆ ನಾಳೆ ತಕರಾರು ಮಾಡಲು ಆಧಾರವೇ ಇರದು. ಡಿಸ್ಕೌಂಟಿಗಾಗಿ ಬಿಲ್ಲು ಬಿಟ್ಟುಕೊಟ್ಟವರು ತಮ್ಮ ಹಕ್ಕನ್ನೂ ಬಿಟ್ಟುಕೊಟ್ಟಂತೆ.

ಸೀಳುತುಟಿ ಅಂದದ ಪ್ರಶ್ನೆಯಲ್ಲ

ತುಟಿ ಸರಿಪಡಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಕಿವಿ, ಮೂಗಿನ ಜೊತೆಗೆ ತುಟಿಯನ್ನು ಜೋಡಿಸುವ ಕ್ರಮದ ಪ್ರಸ್ತಾಪವಿದೆ. 1792ರ ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಗೆ ಸಿಕ್ಕಿ ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತಿನ ಗಾಡಿಯವನಿಗೆ ಪುಣೆಯ ಸಮೀಪ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿಕೊಟ್ಟ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ ಯುರೋಪಿನ ವೈದ್ಯರ ಕಣ್ಣು ತೆರೆಸಿತು. ನಮ್ಮ ಗ್ರಾಂಟ್ ರೋಡಿಗೆ ಹೆಸರು ಬಂದದ್ದು 1835ರಿಂದ 1838ರವರೆಗೆ ಇಲ್ಲಿ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟ್‌ನಿಂದ. ಬೈಕುಲಾದ ಗ್ರಾಂಟ್ ಮೆಡಿಕಲ್ ಕಾಲೇಜೂ ಅವನ ಹೆಸರಿನದೇ. ಅದಕ್ಕೆ ಸೇರಿದ ಜೆ.ಜೆ. ಆಸ್ಪತ್ರೆಯಲ್ಲಿಯೇ ಡಾ. ಎನ್.ಎಚ್. ಆಂಟಿಯಾ ಪ್ಲಾಸ್ಟಿಕ್ ಸರ್ಜರಿ ವಿಭಾಗ ಕಟ್ಟಿ, ಕುಷ್ಠರೋಗದಿಂದ ವಿರೂಪಗೊಂಡ ಬಡವರ ಕೈ, ಮುಖಗಳನ್ನು ಸರಿಪಡಿಸಿದರು. ಈ ವಿದ್ಯೆ ಸಿರಿವಂತರ ಶೋಕಿಗಾಗಿ ಹುಟ್ಟಿದ್ದಲ್ಲ.

ಸುಮಾರು 700 ಮಕ್ಕಳಲ್ಲಿ ಒಂದು ಸೀಳುತುಟಿ ಅಥವಾ ಸೀಳಂಗುಳದೊಂದಿಗೆ ಹುಟ್ಟುತ್ತದೆ. ಇದಕ್ಕೆ ಗ್ರಹಣ ಕಾರಣವಲ್ಲ, ತಾಯಿಯ ತಪ್ಪಂತೂ ಅಲ್ಲ. ಸಾಮಾನ್ಯವಾಗಿ 3ರಿಂದ 6 ತಿಂಗಳ ಪ್ರಾಯದಲ್ಲಿ ತುಟಿಯ ಶಸ್ತ್ರಚಿಕಿತ್ಸೆ, ಒಂದು ವರ್ಷದ ಆಸುಪಾಸಿನಲ್ಲಿ ಅಂಗುಳದ್ದು. ತಡ ಮಾಡಿದರೆ ಮಾತು ಕಲಿಯಲು ತೊಡಕಾಗುತ್ತದೆ. 2013ರಲ್ಲಿ ನಮ್ಮ ಪಾಲ್ಘರಿನಿಂದಲೇ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ. ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿನಿಂದಲೂ ಹಲವು ಆಸ್ಪತ್ರೆಗಳಲ್ಲಿ ಉಚಿತ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಹೊಟೇಲು ಕಾರ್ಮಿಕರ ಮನೆಯಲ್ಲೋ, ಊರಿನ ನೆಂಟರಲ್ಲೋ ಇಂತಹ ಮಗುವಿದ್ದರೆ ಸಂಘದ ಕಾರ್ಯಕರ್ತರು ದಾರಿ ತೋರಿಸಬೇಕು. ಆ ಮಗುವನ್ನು ಬಚ್ಚಿಡಬೇಕಾದ ಕಾಲ ಇದಲ್ಲ.

ಹೋಗುವ ಮೊದಲು

ಮದುವೆ, ನಿಶ್ಚಿತಾರ್ಥದ ಹೊಸ್ತಿಲಲ್ಲಿ ಮೊದಲ ಬಾರಿ ಪ್ರಯೋಗ ಬೇಡ. ಕನಿಷ್ಠ ಒಂದು ತಿಂಗಳ ಅಂತರವಿರಲಿ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಮುಂದೂಡಬೇಕು. ತುಟಿಯಂಚಿನಲ್ಲಿ ಆಗಾಗ ನೀರುಗುಳ್ಳೆ ಏಳುವವರು ಮೊದಲೇ ತಿಳಿಸಿದರೆ ಡಾಕ್ಟರರು ಮಾತ್ರೆ ಕೊಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅದನ್ನು ತಾವಾಗಿಯೇ ನಿಲ್ಲಿಸದೆ ಡಾಕ್ಟರರನ್ನು ಕೇಳಬೇಕು. ಸಿರಿಂಜಿನ ಪೆಟ್ಟಿಗೆಯನ್ನು ಕಣ್ಣೆದುರೇ ತೆರೆಯಲಿ. ಒಂದು ಸಿರಿಂಜನ್ನು ಇಬ್ಬರು ಗೆಳತಿಯರು ಹಂಚಿಕೊಳ್ಳುವ ಉಳಿತಾಯ ಬೇಡವೇ ಬೇಡ.

ನಮ್ಮ ಯಕ್ಷಗಾನದ ಕಲಾವಿದ ಚೌಕಿಯಲ್ಲಿ ಬಳಿದುಕೊಂಡ ಬಣ್ಣವನ್ನು ಬೆಳಗ್ಗೆ ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಸ್ವಂತ ಮುಖ ಮರಳಿ ಬರುತ್ತದೆ. ಸೂಜಿ, ಕತ್ತಿಯ ಕೆಲಸ ಹಾಗಲ್ಲ.

ಆ ಸರ್ಜನರು ಸೊಸೆಯನ್ನು ಪರೀಕ್ಷಿಸುವ ಮೊದಲು ನನ್ನನ್ನು ಹೊರಗೆ ಕುಳಿತುಕೊಳ್ಳಲು ಹೇಳಿದರು. ಒಳಗೆ ಅವಳನ್ನು ಕೇಳಿದ ಪ್ರಶ್ನೆ ಒಂದೇ ಅಂತೆ: "ಇದು ನಿಮಗೆ ಬೇಕೋ, ಬೇರೆ ಯಾರಿಗಾದರೂ ಬೇಕೋ?" ಹುಡುಗನ ಕಡೆಯ ಒಬ್ಬರು ಫೋಟೋ ನೋಡಿ ಆಡಿದ ಒಂದು ಮಾತು ಅವಳ ಮನಸ್ಸಿನಲ್ಲಿ ಕೂತಿತ್ತೆಂದು ನನಗೆ ಗೊತ್ತಾದದ್ದೇ ಆವತ್ತು, ವಾಪಸು ಬರುವಾಗ ಲೋಕಲ್ ಟ್ರೈನಿನಲ್ಲಿ. ಅವಳು ಚಿಕಿತ್ಸೆ ಮುಂದೂಡಿದಳು. ನಿಶ್ಚಿತಾರ್ಥ ಇದ್ದ ತುಟಿಯಲ್ಲೇ ಆಯಿತು, ಬಳಿಕ ಮದುವೆಯೂ ಆಯಿತು. ಮುಂದೆ ಮಾಡಿಸುತ್ತಾಳೋ ಇಲ್ಲವೋ ನಾನು ಕೇಳಿಲ್ಲ, ಅದು ಅವಳ ವಿಚಾರ. ಆದರೆ ಹೆಣ್ಣು ನೋಡಲು ಹೋದಾಗ, ಫೋಟೋ ನೋಡಿದಾಗ ನಾವು ಹಿರಿಯರು ನಗುತ್ತಾ ಆಡಿಬಿಡುವ ಮಾತು ಒಬ್ಬಳನ್ನು ಯಾವ ಬಾಗಿಲಿಗೆ ಕಳುಹಿಸಬಹುದು ಎಂಬುದನ್ನು ಸ್ವಲ್ಪ ಯೋಚಿಸುವುದು ಒಳ್ಳೆಯದು. ಆ ಎಚ್ಚರಿಕೆಗೆ ಕಾಸು ಬೇಡ, ಕಂತೂ ಬೇಡ.